ತಾಯಿಹಾಲಿನ ಸತುವಿಗೆ ಕಾವಲು ಯಾರು?

ಮನೆಯಲ್ಲಿ ಬಾಣಂತಿ ಇದ್ದರೆ ಅಡುಗೆಮನೆಯ ಘಮವೇ ಬೇರೆ. ಮತ್ತಿಕೆರೆಯ ಮನೆಗಳಲ್ಲೂ ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಆಕೆಯ ತಟ್ಟೆಗೆ ಬರುತ್ತವೆ. ತಾಯಿ ಉಂಡದ್ದೆಲ್ಲ ಹಾಲಾಗಿ ಮಗುವಿಗೆ ಸೇರುತ್ತದೆಂಬುದು ಹಿರಿಯರ ನಂಬಿಕೆ. ಆದರೆ ಸತುವಿನ (ಜಿಂಕ್) ವಿಷಯದಲ್ಲಿ ಲೆಕ್ಕ ಅಷ್ಟು ಸರಳವಲ್ಲ.

ಮಗುವಿನ ಬೆಳವಣಿಗೆಗೆ, ಚರ್ಮದ ಆರೋಗ್ಯಕ್ಕೆ, ರೋಗನಿರೋಧಕ ಶಕ್ತಿಗೆ ಸತು ಬೇಕು. ಹೆರಿಗೆಯಾದ ಹೊಸದರಲ್ಲಿ ಒಂದು ಲೀಟರ್ ತಾಯಿಹಾಲಿನಲ್ಲಿ ಸುಮಾರು 4 ಮಿಲಿಗ್ರಾಂ ಸತು ಇರುತ್ತದೆ. ಆರು ತಿಂಗಳ ಹೊತ್ತಿಗೆ ಅದು 1 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ತಾಯಿ ಸತುವಿನ ಮಾತ್ರೆ ನುಂಗಿದರೂ ಈ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಹಾಗಾದರೆ ಅಳತೆ ಹಾಕುವವರು ಯಾರು?

ಸ್ತನ ಗ್ರಂಥಿಯೇ! ಅದರ ಜೀವಕೋಶಗಳಲ್ಲಿ ರಕ್ತದ ಕಡೆಗಿರುವ ಪ್ರೋಟೀನುಗಳು ಸತುವನ್ನು ಒಳಗೆಳೆದುಕೊಳ್ಳುತ್ತವೆ. ಬಿಡಿಯಾಗಿ ಉಳಿದರೆ ಸತು ಕೋಶಕ್ಕೇ ಅಪಾಯಕಾರಿ. ಆದ್ದರಿಂದ ಝೆಡ್‌ಎನ್‌ಟಿ-2 ಎಂಬ ಇನ್ನೊಂದು ಪ್ರೋಟೀನು ಅದನ್ನು ಪುಟ್ಟ ಚೀಲಗಳಿಗೆ ತುಂಬುತ್ತದೆ. ಆ ಚೀಲಗಳು ಹಾಲಿನ ಕಡೆಗೆ ಸರಿದು ಬರಿದಾಗುತ್ತವೆ. ಹಾಲು ಉತ್ಪಾದನೆಗೆ ಕಾರಣವಾದ ಪ್ರೋಲ್ಯಾಕ್ಟಿನ್ ಹಾರ್ಮೋನು ಈ ಕೆಲಸಕ್ಕೂ ಚುರುಕು ಮುಟ್ಟಿಸುತ್ತದೆ. ಮೊದಲ ದಿನಗಳ ಹಾಲಿನಲ್ಲಿ ತಾಯಿಯ ರಕ್ತದ ಪ್ಲಾಸ್ಮಾದಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ಸತು ಇರುವುದು ಹೀಗೆ.

ಈ ಬಾಗಿಲೇ ಕೆಟ್ಟರೆ? ಝೆಡ್‌ಎನ್‌ಟಿ-2ರ ಜೀನಿನಲ್ಲಿ ದೋಷವಿದ್ದ ಇಬ್ಬರು ತಾಯಂದಿರ ಹಾಲಿನಲ್ಲಿ ಸತು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಸಿದಿದ್ದುದನ್ನು 2006ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಇಂಥ ತಾಯಿ ಆರೋಗ್ಯವಾಗಿಯೇ ಇರುತ್ತಾಳೆ. ಎದೆಹಾಲನ್ನಷ್ಟೇ ಕುಡಿಯುವ ಕೂಸಿಗೆ ಮಾತ್ರ ಬಾಯಿ, ಪೃಷ್ಠದ ಸುತ್ತ ಮಾಯದ ಹುಣ್ಣು, ಭೇದಿ. ತಾಯಿಗೆ ಮಾತ್ರೆ ಕೊಟ್ಟರೆ ಪ್ರಯೋಜನವಿಲ್ಲ. ವೈದ್ಯರ ಸಲಹೆಯಂತೆ ಮಗುವಿಗೇ ಸತು ಕೊಟ್ಟರೆ ಬೇಗ ಗುಣವಾಗುತ್ತದೆ. ಎದೆಹಾಲು ಬಿಡಿಸಬೇಕಾಗಿಲ್ಲ. ಅದೇ ತಾಯಿಯ ಮುಂದಿನ ಮಗುವಿಗೂ ಹೀಗಾಗಬಹುದು ಎಂಬ ಎಚ್ಚರ ಮಾತ್ರ ಇರಬೇಕು.

ಹಾಗೆಂದು ಬಾಣಂತಿಯ ಊಟ ಹೇಗಿದ್ದರೂ ನಡೆದೀತೆ? ಖಂಡಿತ ಇಲ್ಲ. ಗ್ರಂಥಿ ಮಗುವಿನ ಪಾಲನ್ನು ಮೊದಲು ತೆಗೆದಿಡುತ್ತದೆ. ಕೊರತೆಯಾದರೆ ಸೊರಗುವವಳು ತಾಯಿ. ಆಕೆಯ ಕರುಳು ಆ ದಿನಗಳಲ್ಲಿ ಆಹಾರದಿಂದ ಹೆಚ್ಚು ಸತು ಹೀರಿ ಸರಿದೂಗಿಸಲು ಯತ್ನಿಸುತ್ತದೆ. ಆದರೆ ಧಾನ್ಯ, ಬೇಳೆಗಳಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ನಮ್ಮ ಅಡುಗೆಯ ಜಾಣತನ ನೆರವಿಗೆ ಬರುತ್ತದೆ. ಇಡ್ಲಿ, ದೋಸೆ ಹಿಟ್ಟು ಹುದುಗಿದಾಗ ಅದರಲ್ಲಿನ ಸತು ದೇಹಕ್ಕೆ ಹೆಚ್ಚು ದಕ್ಕುವ ರೂಪಕ್ಕೆ ಬರುತ್ತದೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದ ಪರೀಕ್ಷೆಗಳು 2007ರಲ್ಲಿ ತೋರಿಸಿದವು. ಧಾನ್ಯದ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿದರೂ ಇದೇ ಲಾಭವೆಂದು 2010ರಲ್ಲಿ ಅಲ್ಲಿನವರೇ ಕಂಡರು. ಬಾಣಂತಿಯ ಬೆಳ್ಳುಳ್ಳಿ ಸಾರಿಗೆ ಹೀಗೊಂದು ಸಮರ್ಥನೆ ಸಿಕ್ಕಿತು!

ಆರು ತಿಂಗಳಾದ ಮೇಲೆ ಹಾಲಿನ ಸತು ಮಾತ್ರ ಮಗುವಿಗೆ ಸಾಲದು. ಎದೆಹಾಲಿನ ಜೊತೆಗೆ ಮೆತ್ತಗಿನ ಇಡ್ಲಿ, ಬೇಳೆ, ರೂಢಿಯಿದ್ದ ಮನೆಯಲ್ಲಿ ಮೊಟ್ಟೆ, ಮಾಂಸ ಆರಂಭವಾಗಬೇಕು. ಅಲ್ಲಿಯವರೆಗೆ ಲೆಕ್ಕ ನೋಡಿಕೊಂಡ ಗ್ರಂಥಿ, ಇನ್ನು ಆ ಹೊಣೆಯನ್ನು ಮನೆಯವರಿಗೆ ಒಪ್ಪಿಸುತ್ತದೆ.