ಗುಮ್ಮಟಕ್ಕಷ್ಟೇ ಅಲ್ಲ, ಪೇಟೆಗೂ ಕ್ಯಾಮರಾ

1855ರಲ್ಲಿ ಮುಂಬಯಿ ಸರಕಾರದ ಛಾಯಾಚಿತ್ರಕಾರನಾಗಿ ನೇಮಕಗೊಂಡ ಕ್ಯಾಪ್ಟನ್ ಬಿಗ್ಸ್ ವಿಜಾಪುರದ ಹಳೆಯ ಕಟ್ಟಡಗಳ ಪಟ ತೆಗೆದನು. ಅಂದಿನ ಕ್ಯಾಮರಾದಲ್ಲಿ ಬಿಂಬ ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಕಲ್ಲು ನಿಂತಿತ್ತು, ಮೂಡಿತು. ನಡೆದುಹೋದ ಮನುಷ್ಯ ಮೂಡಲಿಲ್ಲ. ಅದು ಯಂತ್ರದ ಕೊರತೆ. ಯಂತ್ರ ಸುಧಾರಿಸಿ ಎಷ್ಟೋ ಕಾಲವಾಯಿತು. ನಮ್ಮ ದೃಷ್ಟಿ ಮಾತ್ರ ಸುಧಾರಿಸಿಲ್ಲ. ಇಂದಿಗೂ ಜಿಲ್ಲೆಯ ಪಟವೆಂದರೆ ಗುಮ್ಮಟವೇ. ಮುದ್ದೇಬಿಹಾಳದ ಪೇಟೆಯಲ್ಲಿ ತೊಗರಿ ತೂಗುವವನು, ಚೀಲ ಹೊರುವ ಹಮಾಲ, ಬಸ್ ಸ್ಟ್ಯಾಂಡಿನ ಚಹಾದವನು ಪಟಕ್ಕೆ ತಕ್ಕವರಲ್ಲವೇ?

ತಕ್ಕವರೆಂದು ತೋರಿಸಿಕೊಟ್ಟವರು ನಮ್ಮಲ್ಲೇ ಇದ್ದರು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಬಾಳಿನುದ್ದಕ್ಕೂ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಹಿಡಿದರು. ಅವರು ತೆಗೆದ ಮಕ್ಕಳ ಪಟಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ಹೋದವು.

ಇಂಥ ಪಟ ಬರೇ ನೋಟದ ಸುಖಕ್ಕಲ್ಲ. ಅಮೆರಿಕದ ಲೂಯಿಸ್ ಹೈನ್ 1908ರಿಂದ ಅಲ್ಲಿಯ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಪಟ ತೆಗೆದು, ಜೊತೆಗೆ ಅವರ ವಯಸ್ಸು, ಕೆಲಸಗಳನ್ನೂ ಬರೆದಿಟ್ಟನು. ಗಿರಣಿ ಮಾಲಿಕರ ಮಾತನ್ನು ಸುಳ್ಳಾಗಿಸಲು ಆ ಪಟಗಳೇ ಸಾಕಾದವು. ಬಾಲದುಡಿಮೆಗೆ ಕಡಿವಾಣ ಹಾಕುವ ರಾಷ್ಟ್ರೀಯ ಕಾನೂನು ಅಲ್ಲಿ 1938ರಲ್ಲಿ ಬಂದಿತು. ಅದಕ್ಕೆ ಜನಮತ ಹದಗೊಳಿಸಿದ್ದರಲ್ಲಿ ಈ ಪಟಗಳ ಪಾಲು ದೊಡ್ಡದು.

ನಮ್ಮ ಪ್ರದೇಶಕ್ಕಂತೂ ಇನ್ನೊಂದು ಕಾರಣವಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆ ಬಾಗಲಕೋಟೆಯ ಓಣಿ, ಅಂಗಡಿಸಾಲುಗಳನ್ನು ನುಂಗಿತು. ಜನ ನವನಗರಕ್ಕೆ ಹೋದರು. ನಾರಾಯಣಪುರದ ಬಸವಸಾಗರಕ್ಕೆ ನಮ್ಮ ತಾಲೂಕಿನ ಹೊಳೆದಂಡೆಯ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಪರಿಹಾರದ ಕಾಗದದಲ್ಲಿ ಗೋಡೆಯ ಅಳತೆ ಇರುತ್ತದೆ. ಆ ಗೋಡೆಗೆ ಒರಗಿ ಹರಟೆ ಹೊಡೆಯುತ್ತಿದ್ದವರು ಇರುವುದಿಲ್ಲ. ಅವರನ್ನು ಉಳಿಸಿಕೊಡಲು ಪಟಕ್ಕೆ ಮಾತ್ರ ಸಾಧ್ಯ.

ಹಾಗಾದರೆ ಒಳ್ಳೆಯ ಪೇಟೆಯ ಪಟ ಯಾವುದು? ಅದು ಬಡತನಕ್ಕೆ ಬಣ್ಣ ಹಚ್ಚುವುದಿಲ್ಲ, ಬಡವನನ್ನು ಹೀಯಾಳಿಸುವುದೂ ಇಲ್ಲ. ಮುಖದಷ್ಟೇ ಕೈಯನ್ನೂ ನೋಡುತ್ತದೆ. ತಕ್ಕಡಿ, ಬಾಗಿಲ ಮೇಲಿನ ಫಲಕ, ದರ ಬರೆದ ಹಲಗೆ, ಮಳೆಗೆ ಕಟ್ಟಿದ ತಾಡಪತ್ರಿ, ಇವನ್ನು ಅಡ್ಡಿಯೆಂದು ಬದಿಗೆ ಸರಿಸುವುದಿಲ್ಲ. ಇಂದು ನಾವು ಕಸವೆಂದು ಬಿಡುವುದನ್ನೇ ನಾಳೆ ಮೊಮ್ಮಕ್ಕಳು ಮೊದಲು ಹುಡುಕುತ್ತಾರೆ.

ಇಂದು ಹಮಾಲನ ಕಿಸೆಯಲ್ಲೂ ಕ್ಯಾಮರಾ ಇದೆ. ಮದುವೆ, ಜಾತ್ರೆಗಳಿಗಷ್ಟೇ ಅದನ್ನು ಮೀಸಲಿಡುವುದು ಬೇಡ. ದುಡಿಯುವ ಸ್ಥಳ, ಓಣಿ, ಅಂಗಡಿಗಳ ಪಟ ತೆಗೆಯಿರಿ. ಎದುರಿನವರ ಒಪ್ಪಿಗೆ ಕೇಳಿ ತೆಗೆಯಿರಿ. ಊರು, ಓಣಿ, ತಾರೀಖು, ಕಸುಬುಗಳನ್ನು ಬರೆದಿಡಿರಿ. ಹೆಸರಿಲ್ಲದ ಪಟ ಅರ್ಧ ಪಟ. ಪುರಸಭೆ ಮತ್ತು ವಾಚನಾಲಯಗಳು ವರ್ಷಕ್ಕೊಮ್ಮೆಯಾದರೂ ಇವನ್ನು ಗೋಡೆಗೆ ಹಚ್ಚಲಿ. ಸುಲ್ತಾನರ ಕಟ್ಟಡಗಳಿಗೆ ಕಲ್ಲೇ ಸಾಕ್ಷಿ. ಅವನ್ನು ಕಟ್ಟಿದ ಕೈಗಳಿಗೆ ಪಟವಿಲ್ಲ. ಇಂದು ದುಡಿಯುವ ಕೈಗಳಿಗಾದರೂ ಇರಲಿ.