ಜಗಲಿಯ ಮಾತು: ತಡವಾಗಿ ಬರುವ ಚಪ್ಪಾಳೆ

ಕಳೆದ ಬೇಸಗೆಯಲ್ಲಿ ನಮ್ಮ ಸೋದರಳಿಯನು ಬಂದು ಹದಿನೈದು ದಿನ ನಮ್ಮ ಮನೆಯಲ್ಲಿದ್ದನು. ಕಂಪ್ಯೂಟರಿನ ಕೆಲಸದವನು, ವಯಸ್ಸು ಮೂವತ್ತೆರಡು, ಮದುವೆಯ ಮಾತೆತ್ತಿದರೆ ಎದ್ದು ಹಿತ್ತಿಲಿಗೆ ಹೋಗುವನು. ಬಂದ ಎರಡನೆಯ ದಿನವೇ ಅವನ ಒಂದು ಅಭ್ಯಾಸವು ನಮ್ಮ ಕಣ್ಣಿಗೆ ಬಿದ್ದಿತು. ಬೆಳಿಗ್ಗೆ ಆರೂವರೆಗೆ, ನಾವು ಸ್ನಾನ ಮುಗಿಸಿ ಜಗಲಿಗೆ ಬರುವ ಹೊತ್ತಿಗೆ ಸರಿಯಾಗಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ತನ್ನಷ್ಟಕ್ಕೆ ತಾನೇ ನಗುತ್ತ ಏನನ್ನೋ ಬರೆಯುತ್ತಿರುವನು. ಕಾಫಿಯು ಪಕ್ಕದಲ್ಲಿ ಆರಿ ಹೋಗುತ್ತಿರುವುದು.

“ಬೆಳಗಾಗುತ್ತಲೆ ಏನಪ್ಪ ಇದು?” ಎಂದೆವು.

“ಕಚೇರಿ, ಮಾವ,” ಎಂದನು.

ನಾವು ಉದ್ಯೋಗದ ಕಚೇರಿಯೆಂದೇ ತಿಳಿದು ಸುಮ್ಮನಾದೆವು. ಮೂರನೆಯ ದಿನ ಅವನ ತಲೆಯು ತಾಳಕ್ಕೆ ತೂಗುತ್ತಿದ್ದುದನ್ನು ಕಂಡ ಮೇಲೆ, ಇದು ಸಂಗೀತ ಕಚೇರಿಯೆಂಬುದು ಗೊತ್ತಾಯಿತು. ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ತೋರಿಸಿದನು.

ತೆರೆಯ ಮೇಲೆ ಒಂದು ಸಮುದ್ರತೀರ. ಅಲ್ಲಿ ಹಲಗೆಯ ವೇದಿಕೆ. ವೇದಿಕೆಯ ಮೇಲೆ ಗಿಟಾರು ಹಿಡಿದ ಒಬ್ಬ ಗಂಡಸು. ಎದುರಿಗೆ ಇಪ್ಪತ್ತು ಇಪ್ಪತ್ತೈದು ಮಂದಿ. ಒಬ್ಬಳಿಗೆ ರೆಕ್ಕೆಗಳಿದ್ದುವು; ಒಬ್ಬನಿಗೆ ನರಿಯ ಮುಖ; ಮಿಕ್ಕವರು ಮದುವೆಯ ಮನೆಗೆ ಹೊರಟವರಂತೆ ಅಲಂಕರಿಸಿಕೊಂಡಿದ್ದರು. ಕೆಲವು ಜೋಡಿಗಳು ಕುಣಿಯುತ್ತಿದ್ದುವು. ಎಲ್ಲರ ಹೆಜ್ಜೆಯೂ ಒಂದೇ ಆಗಿದ್ದುದರಿಂದ ಬೊಂಬೆಯಾಟವೆಂದು ನಮಗೆ ತೋರಿತು.

ಇದರ ಹೆಸರು ‘ಸೆಕೆಂಡ್ ಲೈಫ್’, ಎಂದರೆ ಎರಡನೆಯ ಬಾಳು. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಲಿಂಡನ್ ಲ್ಯಾಬ್ ಎಂಬ ಸಂಸ್ಥೆಯವರು 2003ರ ಜೂನ್ ತಿಂಗಳಲ್ಲಿ ಇದನ್ನು ತೆರೆದರು. ಇದರಲ್ಲಿ ಗೆಲ್ಲತಕ್ಕದ್ದೂ ಸೋಲತಕ್ಕದ್ದೂ ಏನೂ ಇಲ್ಲ. 256 ಮೀಟರು ಚದರದ ತುಂಡುಗಳಾಗಿ ನೆಲವಿರುವುದು. ಆ ನೆಲದ ಮೇಲಿನ ಮನೆ, ಮರ, ಕುರ್ಚಿ, ಕೊನೆಗೆ ತೊಡುವ ಅಂಗಿಯವರೆಗೆ ಹೆಚ್ಚಿನದನ್ನೆಲ್ಲ ಅಲ್ಲಿಯ ನಿವಾಸಿಗಳೇ ರಚಿಸಿ, ಒಬ್ಬರಿಗೊಬ್ಬರು ಮಾರಿಕೊಳ್ಳುವರು. ಆ ಲೋಕಕ್ಕೆ ಪ್ರತ್ಯೇಕ ನಾಣ್ಯವೂ ಉಂಟು. ಗಡಿಯಾರವು ಮಾತ್ರ ಅಮೆರಿಕದ ಪಶ್ಚಿಮ ಕರಾವಳಿಯದು. ಅಲ್ಲಿ ಸಂಜೆ ಆರಾದಾಗ ನಮಗೆ ಬೇಸಗೆಯಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಆದರೆ ಅಲ್ಲಿಯ ಸೂರ್ಯನು ಈ ಗಡಿಯಾರಕ್ಕೆ ಕಟ್ಟುಬಿದ್ದವನಲ್ಲ. ಮೂರು ಗಂಟೆ ಹಗಲು, ಒಂದು ಗಂಟೆ ರಾತ್ರಿ, ಹೀಗೆ ನಮ್ಮ ಒಂದು ದಿನಕ್ಕೆ ಅಲ್ಲಿ ಆರು ದಿನಗಳು. ನಮ್ಮಂತಹವರು ಅಲ್ಲಿಗೆ ವಾಸಕ್ಕೆ ಹೋದರೆ ಸಂಧ್ಯಾವಂದನೆಯಲ್ಲಿಯೇ ಆಯುಷ್ಯವನ್ನು ಕಳೆಯಬೇಕಾದೀತು.

“ಈ ಕೆಂಪು ಅಂಗಿಯವನೇ ನನ್ನ ಅವತಾರ್, ಮಾವ,” ಎಂದನು ಅಳಿಯನು.

“ಅವತಾರ್ ಅಲ್ಲ, ಅವತಾರ,” ಎಂದು ತಿದ್ದಿದೆವು. ಮೂವತ್ತೈದು ವರ್ಷದ ಮೇಷ್ಟರ ಬುದ್ಧಿ ಎಲ್ಲಿ ಹೋಗುವುದು? ‘ಅವ’ ಎಂಬ ಉಪಸರ್ಗಕ್ಕೆ ‘ತೄ’ ಧಾತು ಸೇರಿ ಆದ ಶಬ್ದವಿದು. ಕೆಳಕ್ಕಿಳಿದು ಬರುವುದು ಎಂದರ್ಥ. ಲೂಕಸ್‌ಫಿಲ್ಮ್ ಸಂಸ್ಥೆಯವರು 1986ರಲ್ಲಿ ‘ಹ್ಯಾಬಿಟಾಟ್’ ಎಂಬ ಇಂತಹುದೇ ಲೋಕವೊಂದನ್ನು ಕಟ್ಟಿದಾಗ, ಅದರೊಳಗೆ ಮನುಷ್ಯನು ಧರಿಸುವ ರೂಪಕ್ಕೆ ಈ ನಮ್ಮ ಶಬ್ದವನ್ನೇ ಇಟ್ಟರಂತೆ. ದೇವರು ಇಳಿಯುವುದಕ್ಕೆ ಧರ್ಮಗ್ಲಾನಿಯು ಕಾರಣವೆನ್ನುವರು. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನು ಏತಕ್ಕೆ ಇಳಿಯುವನು ಎಂಬ ಪ್ರಶ್ನೆಯು ಆಗ ನಮಗೆ ಹುಟ್ಟಲಿಲ್ಲ.

ಹಾಡು ಮಾತ್ರ ಬೊಂಬೆಯದಲ್ಲ. ಗಾಯಕನು ತನ್ನ ಮನೆಯಲ್ಲಿ ಮೈಕಿನ ಮುಂದೆ ನಿಜವಾಗಿಯೇ ಕುಳಿತು ಹಾಡುತ್ತಿರುವನು. ಆ ಧ್ವನಿಯು ಯಾವುದೋ ಊರಿನ ಯಂತ್ರವೊಂದಕ್ಕೆ ಹೋಗಿ, ಅಲ್ಲಿಂದ ಕೇಳುವವರೊಬ್ಬೊಬ್ಬರ ಮನೆಗೂ ಬೇರೆ ಬೇರೆ ಹರಿದು ಬರುವುದು. ಈ ಪ್ರಯಾಣಕ್ಕೆ ಹತ್ತು ಹದಿನೈದು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷವೇ ಹಿಡಿಯುವುದಂತೆ. ಇದರ ಪರಿಣಾಮವನ್ನು ವಾಚಕರು ಸ್ವಲ್ಪ ಆಲೋಚಿಸಬೇಕು. ಗಾಯಕನು ಹಾಡು ಮುಗಿಸಿದಾಗ ಶ್ರೋತೃಗಳು ಇನ್ನೂ ಕೊನೆಯ ಚರಣದಲ್ಲಿರುವರು. ಅವರ ಚಪ್ಪಾಳೆ ಬರುವ ಹೊತ್ತಿಗೆ ಇವನು ಎರಡನೆಯ ಹಾಡಿನ ಪಲ್ಲವಿಯಲ್ಲಿರುವನು. ತನ್ನ ಹಾಡು ಯಾರಿಗಾದರೂ ಮುಟ್ಟಿತೋ ಇಲ್ಲವೋ ಎಂಬುದು ತಿಳಿಯದೆ, ಆ ನಿಶ್ಶಬ್ದದಲ್ಲಿ ಧೈರ್ಯಗೆಡದೆ ಮುಂದುವರಿಯಬೇಕು. ಇಬ್ಬರು ಬೇರೆ ಬೇರೆ ಊರುಗಳಿಂದ ಕೂಡಿ ನುಡಿಸುವುದಂತೂ ಇನ್ನೂ ಕಷ್ಟ. ಒಬ್ಬನ ಧ್ವನಿಯು ಮತ್ತೊಬ್ಬನಿಗೆ ಹೋಗಿ, ಅವನು ಅದರ ಮೇಲೆ ತನ್ನದನ್ನು ಸೇರಿಸಿ ಸಭೆಗೆ ಬಿಡುವನು. ಮೊದಲಿನವನಿಗೆ ಜೊತೆಗಾರನ ನಾದವು ನುಡಿಸುವಾಗ ಕೇಳುವುದೇ ಇಲ್ಲ. ಪಿಟೀಲಿನವನಿಗೆ ಕಿವಿಗೊಟ್ಟು ಹಾಡುವ ನಮ್ಮ ವಿದ್ವಾಂಸರು ಇದನ್ನು ಸಹಿಸಿಯಾರೆ?

ದೊಡ್ಡವರೂ ಇಲ್ಲಿ ಹಾಡಿರುವುದುಂಟು. ಸುಝಾನ್ ವೇಗಾ ಎಂಬ ಅಮೆರಿಕದ ಗಾಯಕಿಯು 2006ರ ಆಗಸ್ಟ್ ತಿಂಗಳಲ್ಲಿ ಈ ಲೋಕಕ್ಕಿಳಿದು ಹಾಡಿದಳು. ಒಂದು ಸ್ವಾರಸ್ಯವೇನೆಂದರೆ, ಧ್ವನಿಯನ್ನು ಕುಗ್ಗಿಸಿ ತಂತಿಯ ಮೇಲೆ ಕಳುಹಿಸಲು ಅನುವಾಗುವಂತೆ ಎಂಪಿ3 ಎಂಬ ಕ್ರಮವನ್ನು ಜರ್ಮನಿಯ ವಿಜ್ಞಾನಿಗಳು ರೂಪಿಸುತ್ತಿದ್ದಾಗ, ವಾದ್ಯವಿಲ್ಲದೆ ಈಕೆ ಹಾಡಿದ್ದ ‘ಟಾಮ್ಸ್ ಡೈನರ್’ ಎಂಬ ಹಾಡನ್ನೇ ಮತ್ತೆ ಮತ್ತೆ ಹಾಕಿ ಕೇಳಿ, ಮನುಷ್ಯಕಂಠವು ಕೆಡದಂತೆ ತಿದ್ದಿಕೊಂಡಿದ್ದರು. 2007ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ರಾಯಲ್ ಫಿಲ್ಹಾರ್ಮಾನಿಕ್ ವಾದ್ಯವೃಂದದವರೂ ತಮ್ಮ ಸಭಾಂಗಣದ ಪ್ರತಿರೂಪವನ್ನು ಅಲ್ಲಿ ಕಟ್ಟಿಸಿ ಕಚೇರಿ ನಡೆಸಿದರು. ಆದರೆ ನಿತ್ಯದ ಕಚೇರಿಗಳು ಇಂತಹವರವಲ್ಲ. ಹಗಲೆಲ್ಲ ಬೇರೆ ಉದ್ಯೋಗ ಮಾಡಿ, ಸಂಜೆ ಗಿಟಾರು ತೆಗೆಯುವ ಸಾಮಾನ್ಯ ಗೃಹಸ್ಥರವು.

ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದುದು ಹಾಡಿಗಿಂತ ಹೆಚ್ಚಾಗಿ ತೆರೆಯ ಅಂಚಿನಲ್ಲಿ ಏರುತ್ತಿದ್ದ ಬರಹದ ಮಾತು. ಅಳಿಯನು ಕನ್ನಡದಲ್ಲಿ ಓದಿ ಹೇಳಿದನು. “ಮೊಣಕಾಲು ನೋವು ಹೇಗಿದೆ?” “ಮಗಳು ಪಾಸಾದಳು.” “ಈ ಹಾಡು ನಮ್ಮ ತಂದೆಗೆ ಬಹಳ ಪ್ರಿಯವಾಗಿತ್ತು.” ನರಿಯ ಮುಖದವನು ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಗೆ ಹೊರಡುವವನು, ರೆಕ್ಕೆಗಳವಳು ಎಪ್ಪತ್ತು ದಾಟಿದಾಕೆ, ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಬಾಗಿಲು ದಾಟಲಾರದವಳು. ಹೊಸದಾಗಿ ಬಂದವರನ್ನು ಗಾಯಕನು ಹಾಡಿನ ನಡುವೆಯೇ ಹೆಸರು ಹಿಡಿದು ಕರೆಯುವನು. ಜನ ಹೆಚ್ಚಿದರೆ ಯಂತ್ರವು ಭಾರ ತಾಳಲಾರದೆ ಎಲ್ಲರೂ ಕೆಸರಿನಲ್ಲಿ ನಡೆದಂತಾಗುವುದಂತೆ. ಆದುದರಿಂದ ‘ಒಡವೆ ವಸ್ತ್ರಗಳನ್ನು ಹಗುರ ಮಾಡಿಕೊಂಡು ಬನ್ನಿ’ ಎಂದು ವಿನಂತಿ ಮಾಡುವರು. ಈ ವಿನಂತಿಯನ್ನು ನಮ್ಮ ಮದುವೆಯ ಆಹ್ವಾನಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರೆ ಎಷ್ಟು ಚೆನ್ನಾಗಿತ್ತು!

ಆದರೂ ನಾವು ಸುಮ್ಮನಿರಲಿಲ್ಲ. ಅಲ್ಲಿ ಕಪಟವೂ ಇಲ್ಲದಿಲ್ಲ; ಜೂಜಾಟವನ್ನು 2007ರಲ್ಲಿ ಸಂಸ್ಥೆಯವರೇ ನಿಷೇಧಿಸಬೇಕಾಯಿತು. “ಮುಖ ಕಾಣದವರ ಸ್ನೇಹವೇನು ಸ್ನೇಹವಯ್ಯ? ಎದುರು ಮನೆಯವರ ಹೆಸರು ನಿನಗೆ ಗೊತ್ತಿಲ್ಲ, ನರಿಯ ಮುಖದವನ ಯೋಗಕ್ಷೇಮ ವಿಚಾರಿಸುವೆ,” ಎಂದೆವು. ಸ್ವಲ್ಪ ಬಿರುಸಾಗಿಯೇ ಎಂದೆವು.

ಅವನು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಮ್ಮ ಹೋದಾಗ, ಮಾವ...” ಎಂದು ಪ್ರಾರಂಭಿಸಿದನು.

ನಮ್ಮ ತಂಗಿಯು ತೀರಿಹೋಗಿ ಎರಡು ವರ್ಷವಾಯಿತು. ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಹುಡುಗನು ಪರಸ್ಥಳದ ಕೋಣೆಗೆ ಹಿಂದಿರುಗಿದ್ದನು. ನಾವು ಫೋನು ಮಾಡಿದ್ದೆವು. ಗೀತೆಯ ಎರಡನೆಯ ಅಧ್ಯಾಯವನ್ನು ಓದೆಂದು ಹೇಳಿದ್ದೆವು. ಹೊತ್ತಿಗೆ ಸರಿಯಾಗಿ ಊಟ ಮಾಡೆಂದು ಬುದ್ಧಿ ಹೇಳಿದ್ದೆವು. ನಾಲ್ಕು ಗಂಟೆಗೇ ನಿದ್ರೆ ತಿಳಿದು ಅವನು ಗೋಡೆ ನೋಡುತ್ತ ಕುಳಿತಿರುತ್ತಿದ್ದುದು ನಮಗೆ ತಿಳಿಯದು. ಹಾಗೆ ಕುಳಿತಿದ್ದ ಒಂದು ಬೆಳಗಿನ ಜಾವ ಈ ಸಮುದ್ರತೀರಕ್ಕೆ ಬಂದನಂತೆ. ನಾಲ್ಕನೆಯ ದಿನ ಆ ಮುದುಕಿಯು ಕೇಳಿದಳಂತೆ: “ನಿನ್ನ ತಾಯಿ ಹಾಡುತ್ತಿದ್ದರೆ?”

ಹಾಡುತ್ತಿದ್ದಳು. ಬೆಳಿಗ್ಗೆ ರಂಗೋಲಿ ಹಾಕುವಾಗ, ಮಾತಿಲ್ಲದೆ, ಬರಿಯ ಮಟ್ಟು. ಅವನು ಅದನ್ನು ಗುನುಗಿ ಧ್ವನಿ ಹಿಡಿದು ಕಳುಹಿಸಿದನು. ಮುಂದಿನ ವಾರ ಗಾಯಕನು ಅದನ್ನು ಗಿಟಾರಿನಲ್ಲಿ ನುಡಿಸಿದನು. ಅವರಾರೂ ಬುದ್ಧಿಯ ಮಾತು ಹೇಳಲಿಲ್ಲವಂತೆ.

ಅವಳ ಅಣ್ಣಂದಿರಾದ ನಾವು ಆ ಮಟ್ಟು ಯಾವುದೆಂದು ಅವನನ್ನು ಕೇಳಿರಲಿಲ್ಲ.

ಅಳಿಯನು ಹೊರಡುವುದಕ್ಕೆ ಹಿಂದಿನ ದಿನ ಆ ಸಮುದ್ರತೀರದ ಕೊನೆಯ ಕಚೇರಿ. ಅಲ್ಲಿಯ ನೆಲಕ್ಕೆ ತಿಂಗಳು ತಿಂಗಳು ನಿಜವಾದ ಹಣ ಕಟ್ಟಬೇಕು. ಜಾಗದ ಯಜಮಾನನಿಗೆ ಕೆಲಸ ಹೋಗಿದ್ದುದರಿಂದ ಕಟ್ಟಲಾಗಲಿಲ್ಲ. ಕಟ್ಟದಿದ್ದರೆ ನೆಲವು ಕೈಬಿಡುವುದು. ವೇದಿಕೆ, ದೀಪ, ಕುರ್ಚಿಗಳೆಲ್ಲ ಕಳಚಿ ಯಜಮಾನನ ಗಂಟಿಗೆ ಸೇರುವುವು. ಪಾಳು ಗೋಡೆಯೂ ಉಳಿಯದು. ನಮ್ಮ ಬಾಲ್ಯದ ಭಜನೆಯ ಮನೆಯು ಬಿದ್ದು ನಲವತ್ತು ವರ್ಷವಾದರೂ ಅದರ ಮೆಟ್ಟಿಲುಕಲ್ಲಿನ ಮೇಲೆ ಈಗಲೂ ಜನ ಕುಳಿತು ಎಲೆ ಅಡಿಕೆ ಹಾಕುವರು. ಅಲ್ಲಿ ಅಂತಹ ಕಲ್ಲೂ ಇಲ್ಲವಲ್ಲ ಎಂದು ನಮಗೆ ನಿಜವಾಗಿಯೇ ಸಂಕಟವಾಯಿತು.

ಆ ಬೆಳಿಗ್ಗೆ ನಾವೂ ನಮ್ಮ ಮನೆಯಾಕೆಯೂ ಅವನ ಎಡಬಲಕ್ಕೆ ಕುಳಿತೆವು. ‘ನಮ್ಮ ಮಾವ ಪಕ್ಕದಲ್ಲಿದ್ದಾರೆ’ ಎಂದು ಅವನು ಬರೆದನು. ಉತ್ತರವಿಲ್ಲದೆ ಸ್ವಲ್ಪ ಹೊತ್ತು ಕಳೆಯಿತು. ಆಮೇಲೆ ಗಾಯಕನು ಹಾಡು ನಿಲ್ಲಿಸಿ, “ಗುಡ್ ಮಾರ್ನಿಂಗ್, ಅಂಕಲ್,” ಎಂದು, ಆ ಮಟ್ಟನ್ನು ಹಿಡಿದನು. ಮೋಹನ ರಾಗ. ನಿಧಾನವಾಗಿ, ಪರದೇಶದವರ ಉಚ್ಚಾರಣೆಯಲ್ಲಿ ಸಂಸ್ಕೃತವನ್ನು ಕೇಳಿದಂತೆ, ಆದರೆ ತಪ್ಪಿಲ್ಲದೆ. ನಮ್ಮ ಮನೆಯಾಕೆಯು ಸೆರಗಿನಿಂದ ಕಣ್ಣೊರಸಿಕೊಂಡು, “ಗೋದಾವರಿಯೇ ಅಂಗಳದಲ್ಲಿದ್ದ ಹಾಗಿದೆ,” ಎಂದಳು. ನಾವು ತೊಡೆಯ ಮೇಲೆ ತಾಳ ಹಾಕುತ್ತಿದ್ದೆವು. ಆ ತಾಳವು ಅವನಿಗೆ ಅರ್ಧ ನಿಮಿಷ ಕಳೆದರೂ ಮುಟ್ಟದೆಂಬುದು ನೆನಪಾದರೂ ನಿಲ್ಲಿಸಲಿಲ್ಲ.

ಗಾಯಕನಿಗೆ ಈಗ ಬೇರೊಬ್ಬರ ನೆಲದಲ್ಲಿ ವಾರಕ್ಕೊಂದು ದಿನ ಜಾಗ ಸಿಕ್ಕಿದೆಯಂತೆ. ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ. ಅಮೆರಿಕದವರು ಗಡಿಯಾರ ತಿರುಗಿಸುವುದರಿಂದ ಚಳಿಗಾಲದಲ್ಲಿ ಅದು ಏಳೂವರೆಯಾಗುವುದು. ಒಳಗೆ ಹೋಗುವ ಕ್ರಮವನ್ನು ಅಳಿಯನು ಒಂದು ಕಾಗದದಲ್ಲಿ ಬರೆದಿಟ್ಟು ಹೋಗಿದ್ದಾನೆ. ನಾವು ರೂಪವನ್ನು ಆರಿಸುವ ಪುಟದವರೆಗೆ ತಲುಪಿ ನಿಂತಿದ್ದೇವೆ. ಅಲ್ಲಿ ಕೊಡುವ ಉಡುಪುಗಳಲ್ಲಿ ಪಂಚೆಯು ನಮ್ಮ ಕಣ್ಣಿಗೆ ಬೀಳಲಿಲ್ಲ. ಎಲ್ಲಿ ಕೊಳ್ಳಬೇಕೆಂದು ಹುಡುಗನಿಗೆ ಬರೆದು ಕೇಳಿದ್ದೇವೆ; ಉತ್ತರ ಬರಬೇಕಾಗಿದೆ.