ಮೆಹಮಾನ್ ಯಾರು, ಮನೆಯವರು ಯಾರು?

ನಾಗರಹೊಳೆ ಕಾಡಿನೊಳಗೆ ಹೋಗಲು ಎರಡು ದಾರಿಗಳಿವೆ. ಹಣ ಕೊಟ್ಟು ಟಿಕೆಟ್ ಪಡೆದು ಜೀಪು ಹತ್ತಿದರೆ ನಾವು ಅತಿಥಿಗಳು. ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ, ಜೇನಿಗೆ, ಗೆಣಸಿಗೆ ಎಂದು ಕಾಲ್ನಡಿಗೆಯಲ್ಲಿ ಹೊರಟ ಜೇನುಕುರುಬ ಅತಿಕ್ರಮಣಕಾರ! ಈ ವಿಚಿತ್ರ ವ್ಯವಸ್ಥೆಗೆ ನಾವು ಇಟ್ಟುಕೊಂಡಿರುವ ಚೆಂದದ ಹೆಸರು ಪರಿಸರ ಪ್ರವಾಸೋದ್ಯಮ.

1972ರ ವನ್ಯಜೀವಿ ಕಾಯ್ದೆಯ ನಂತರದ ವರ್ಷಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹಾಡಿಗಳನ್ನು ತೊರೆಯಬೇಕಾಯಿತು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಹುಲಿಗೆ ನೆಮ್ಮದಿ ಬೇಕು ಎಂದರು. ಸರಿ, ಹುಲಿಯೂ ಬದುಕಬೇಕು. ಆದರೆ 1990ರ ದಶಕದಲ್ಲಿ ಅದೇ ಕಾಡಿನ ಮೂರ್ಕಲ್‌ನಲ್ಲಿ ತಾಜ್ ಹೋಟೆಲ್ ಸಮೂಹಕ್ಕೆ ರೆಸಾರ್ಟ್ ನಡೆಸಲು ಗುತ್ತಿಗೆ ನೀಡಿದಾಗ ಹುಲಿಯ ನೆಮ್ಮದಿ ಯಾರಿಗೂ ನೆನಪಾಗಲಿಲ್ಲ. ಆದಿವಾಸಿಗಳು ಹೋರಾಡಿದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಕಾಡನ್ನು ಉಳಿಸಿದವರು ಯಾರು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಪ್ರವಾಸಿಗರಿಂದ ಉದ್ಯೋಗ ಸಿಗುತ್ತದೆ ಎಂಬ ವಾದವಿದೆ. ಸಿಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ತನ್ನದೇ ನೆಲದಲ್ಲಿ ಅತಿಥಿಗಳ ತಟ್ಟೆ ತೊಳೆಯುವ ಕೂಲಿಯನ್ನು ಹಕ್ಕು ಎಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಕಾಡಂಚಿನ ರೈತರ ಪಾಡೂ ಬೇರೆಯಲ್ಲ. 2025ರಲ್ಲಿ ಸರಗೂರು ಭಾಗದ ರೈತರು ಹುಲಿ ದಾಳಿಗೆ ಬಲಿಯಾದಾಗ, ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿ ನಿಲ್ಲಿಸಿತು. ಸಫಾರಿಯ ಗದ್ದಲವೇ ಹುಲಿಯನ್ನು ಹೊರಗಟ್ಟುತ್ತಿದೆ ಎಂಬುದು ರೈತರ ದೂರು. ಅದು ಎಷ್ಟು ನಿಜ ಎಂಬುದನ್ನು ತಜ್ಞರು ಹೇಳಲಿ. ಹುಲಿ ಕಂಡು ಖುಷಿಪಡುವವರು ನಾವು, ಹುಲಿಯ ಬಾಯಿಗೆ ಸಿಗುವವರು ಅವರು ಎಂದು ತಿಳಿಯಲು ತಜ್ಞರು ಬೇಕಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕುಗಳ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಎಬ್ಬಿಸುವಂತಿಲ್ಲ. ಆ ಕಾಯ್ದೆಯನ್ನೇ ನಂಬಿ, 2025ರ ಮೇ ತಿಂಗಳಲ್ಲಿ 50ರಷ್ಟು ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ನೆಲೆಯಾದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿದವು. ಅವರನ್ನು ಎದುರುಗೊಂಡವರು ಅರಣ್ಯ ಸಿಬ್ಬಂದಿ ಮತ್ತು ಪೊಲೀಸರು. ನಮ್ಮನ್ನು ಎದುರುಗೊಳ್ಳುವುದು ತಂಪು ಪಾನೀಯದ ಲೋಟ!

ಮೆಹಮಾನ್ ಬಂದರೆ ನಮ್ಮ ಮನೆಗಳಲ್ಲಿ ಹೊಸ ಚಾದರ ಹಾಸುತ್ತೇವೆ, ನಾವು ನೆಲದ ಮೇಲೆ ಮಲಗುತ್ತೇವೆ. ಆದರೆ ಮನೆಯವರನ್ನೇ ಅಂಗಳಕ್ಕೆ ತಳ್ಳಿ ಒಳಗೆ ಮಲಗಿದ ಮೆಹಮಾನ್‌ನ ಕತೆಯನ್ನು ನಮ್ಮ ಯಾವ ದಾದಿ, ನಾನಿಯೂ ಹೇಳಿಲ್ಲ.

ಕಾಡಿಗೆ ಹೋಗಲೇಬಾರದು ಎಂದು ನಾವು ಹೇಳುತ್ತಿಲ್ಲ. ಮೊದಲು ಹಾಡಿಯವರ ಹಕ್ಕಿನ ಅರ್ಜಿಗಳು ಇತ್ಯರ್ಥವಾಗಲಿ. ಎಷ್ಟು ಜೀಪು, ಯಾವ ದಾರಿ, ಯಾರಿಗೆ ಎಷ್ಟು ಪಾಲು ಎಂಬುದನ್ನು ಅವರ ಗ್ರಾಮಸಭೆಯನ್ನು ಕೇಳಿ ನಿರ್ಧರಿಸಲಿ. ಮನೆಯವರು ಬಾಗಿಲು ತೆರೆದು ಕರೆದ ದಿನ ಹೋಗೋಣ. ಅಲ್ಲಿಯವರೆಗೆ ಆ ಕಾಡಿನಲ್ಲಿ ಅತಿಕ್ರಮಣಕಾರರು ನಾವೇ.